ನಾದಿನಿಯ ನರ್ಸಿಂಗ್ ಸೀಟು

ಕೃಷ್ಣರಾಜಪುರದ ತೂಗುಸೇತುವೆ ಓಡಾಟಕ್ಕೆ ತೆರೆದ ಮರುವರ್ಷ ಬೈಲಪ್ಪನವರ ಮೂರಂತಸ್ತಿನ ಹೊಸ ಕಟ್ಟಡಕ್ಕೆ ನರ್ಸಿಂಗ್ ಸ್ಕೂಲೊಂದು ಬಾಡಿಗೆಗೆ ಬಂತು. ಬೈಲಪ್ಪನವರು ಒಂದು ಕಾಲಕ್ಕೆ ಅದೇ ಜಾಗದಲ್ಲಿ ರಾಗಿ, ಹುರುಳಿ ಬೆಳೆದವರು. ಹೊಲವೆಲ್ಲ ಲೇಔಟಾದ ಮೇಲೆ ಉಳಿದ ತುಂಡಿನಲ್ಲಿ ಹಳೇ ಮದ್ರಾಸ್ ರಸ್ತೆಗೆ ಮುಖ ಮಾಡಿ ಆ ಕಟ್ಟಡ ಕಟ್ಟಿಸಿದ್ದರು. ಯಾವುದಾದರೂ ಬ್ಯಾಂಕು ಬಂದೀತೆಂದು ಕಾದು ಕಾದು ಬೇಸತ್ತಿದ್ದಾಗ, ಪ್ರವೀಣ ಎಂಬ ಯುವಕ ಟೈ ಕಟ್ಟಿಕೊಂಡು ಬಂದ. ತಾನು ನರ್ಸಿಂಗ್ ಸ್ಕೂಲು ನಡೆಸುವವನು, ನರ್ಸಿಂಗ್ ಕೌನ್ಸಿಲ್ಲಿನಿಂದ ಮೊದಲ ವರ್ಷದ ಅನುಮತಿ ಸಿಕ್ಕಿದೆ ಎಂದ. ಮುಂಗಡದಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ಮನೆಯ ಒಬ್ಬ ಹೆಣ್ಣುಮಗಳಿಗೆ ಫೀಸಿಲ್ಲದೆ ಸೀಟು ಕೊಡುತ್ತೇನೆಂದೂ ಹೇಳಿದ.

ಆ ಸೀಟಿಗೆ ಮನೆಯಲ್ಲಿ ಆಸೆಪಟ್ಟವಳು ಸೊಸೆ ಯಮುನಾ. ಅವಳು ಹೊಸಕೋಟೆ ಕಡೆಯವಳು. ಪಿಯುಸಿಯಲ್ಲಿ ವಿಜ್ಞಾನ ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ಕೋಲಾರದ ಸರ್ಕಾರಿ ನರ್ಸಿಂಗ್ ಶಾಲೆಯಿಂದ ಕರೆಯೂ ಬಂದಿತ್ತು. ಆದರೆ ಅದೇ ತಿಂಗಳು ಬೈಲಪ್ಪನವರ ಮಗ ಕೆಂಪರಾಜನ ಸಂಬಂಧ ಕೂಡಿಬಂತು. ಒಳ್ಳೆಯ ಮನೆತನ, ಬೆಂಗಳೂರಿನಲ್ಲಿ ಜಾಗವಿದೆ, ಇನ್ನೇನು ಬೇಕು ಎಂದು ಅವಳ ಅಪ್ಪ ಮದುವೆ ಮಾಡಿ ಕಳಿಸಿಬಿಟ್ಟ. ಈಗ ಅವಳಿಗೆ ಇಪ್ಪತ್ತೇಳು. ಶಾಲೆಗೆ ಹೋಗುವ ಒಬ್ಬ ಮಗಳಿದ್ದಳು. ಕೆಂಪರಾಜ ಬಸ್ ಸ್ಟ್ಯಾಂಡಿನ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ. ಹೆಚ್ಚು ಮಾತಿನವನಲ್ಲ, ಕೆಟ್ಟವನೂ ಅಲ್ಲ.

ಪ್ರವೀಣ ಬಂದುಹೋದ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಯಮುನಾ ಮಾವನ ತಟ್ಟೆಗೆ ಮುದ್ದೆ ಇಟ್ಟು, ಬಸ್ಸಾರು ಬಿಟ್ಟು, ಆ ಸೀಟನ್ನು ತನಗೆ ಕೊಡಿಸಬಹುದೇ ಎಂದು ಕೇಳಿದಳು. ಸ್ಕೂಲು ನಡೆದು ಹೋಗುವಷ್ಟು ದೂರದಲ್ಲಿದೆ, ಬೆಳಿಗ್ಗೆ ಅಡಿಗೆ ಮುಗಿಸಿಯೇ ಹೋಗುತ್ತೇನೆ ಎಂದಳು. ಬೈಲಪ್ಪನವರು ಹೆಂಡತಿಯ ಮುಖ ನೋಡಿದರು.

ಅತ್ತೆ ಪಟಾಲಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಈ ಮನೆ ಸೊಸೆ ಕಂಡೋರ ಮಲಮೂತ್ರ ಬಾಚಾಕೆ ಹೋಯ್ತಾಳೆ ಅಂತ ಊರ್ನೋರು ಆಡ್ಕೋಬೇಕಾ?"

"ನರ್ಸ್ ಕೆಲ್ಸ ಅಂದ್ರೆ ಅದೊಂದೇ ಅಲ್ಲ ಅತ್ತೆ."

"ಏನಾದ್ರೂ ಆಗ್ಲಿ. ನಿನ್ಗೆ ಏನ್ ಕಮ್ಮಿ ಆಗೈತೆ ಇಲ್ಲಿ?"

ಕೆಂಪರಾಜ ತಲೆಯೆತ್ತದೆ ಉಂಡು ಕೈತೊಳೆದು ಅಂಗಡಿಗೆ ಹೊರಟುಹೋದ. ಮಾತು ಅಲ್ಲಿಗೆ ಮುಗಿಯಿತು.

ಮುಗಿದಿದ್ದರೆ ಯಮುನಾ ಮರೆಯುತ್ತಿದ್ದಳೋ ಏನೋ. ಮುಂದಿನ ವಾರ ಹಲಸೂರಿನಿಂದ ನಾದಿನಿ ಪ್ರತಿಭಾಗೆ ಸಂಬಂಧವೊಂದು ಬಂತು. ಹುಡುಗ ಮಸ್ಕತ್ತಿನ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್. ಅವನಿಗೆ ನರ್ಸಿಂಗ್ ಓದಿದ ಹುಡುಗಿಯೇ ಬೇಕಂತೆ, ಓದು ಮುಗಿಯುವವರೆಗೆ ಕಾಯುತ್ತಾನಂತೆ. ಎರಡನೆಯ ಸಲ ಕೂತು ಪಿಯುಸಿ ಪಾಸಾಗಿ, ಮನೆಯಲ್ಲಿ ಟಿವಿ ನೋಡಿಕೊಂಡಿದ್ದ ಪ್ರತಿಭಾಳನ್ನು ಪಟಾಲಮ್ಮನವರೇ ಕೈಹಿಡಿದು ಕರೆದುಕೊಂಡು ಹೋಗಿ ಪ್ರವೀಣನ ಸ್ಕೂಲಿಗೆ ಸೇರಿಸಿದರು. ದಾರಿಯಲ್ಲಿ ಸಿಕ್ಕ ಎಲ್ಲರಿಗೂ, ನಮ್ಮ ಹುಡುಗಿ ನರ್ಸ್ ಆಗುತ್ತಾಳೆ, ರೋಗಿಗಳ ಸೇವೆ ಮಾಡಲು ಪುಣ್ಯ ಮಾಡಿರಬೇಕು ಎಂದರು. ಅವರ ಹಿಂದೆಯೇ ಚೀಲ ಹಿಡಿದು ನಡೆಯುತ್ತಿದ್ದ ಯಮುನಾಳ ಮೈಯೆಲ್ಲ ಉರಿಯಿತು.

ಯೂನಿಫಾರಂ ಬಟ್ಟೆ ತರಲು ಶಿವಾಜಿನಗರಕ್ಕೆ ಹೋದವರೂ ಅತ್ತಿಗೆ ನಾದಿನಿ ಇಬ್ಬರೇ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬಿಳಿ ಟೆರಿಕಾಟ್ ಕೊಂಡರು, ಬಿಳಿ ಬೂಟು ಕೊಂಡರು. ಪ್ರತಿಭಾ ಅಂಗಡಿಯ ಕನ್ನಡಿಯ ಮುಂದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಹೇಗಿದೆ ಅತ್ತಿಗೆ ಎಂದು ಕೇಳಿದಳು. ಬಿಳಿ ಬಣ್ಣ ನಿನಗೆ ಒಪ್ಪುವುದಿಲ್ಲ, ಇನ್ನೂ ಕಪ್ಪಗೆ ಕಾಣುತ್ತೀಯ ಎಂದಳು ಯಮುನಾ. ಪ್ರತಿಭಾ ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಂದೂ ಮಾತಾಡಲಿಲ್ಲ. ಅದರಿಂದ ಯಮುನಾಗೆ ಹಲಸೂರು ದಾಟುವವರೆಗೆ ಸಮಾಧಾನವಿತ್ತು.

ಆಮೇಲೆ ಮನೆಯ ದಿನಚರಿಯೇ ಬದಲಾಯಿತು. ಯೂನಿಫಾರಂ ಒಗೆದು, ಅನ್ನದ ಗಂಜಿ ಹಾಕಿ, ಇಸ್ತ್ರಿ ಮಾಡುವ ಕೆಲಸ ಯಮುನಾಳ ಪಾಲಿಗೆ ಬಂತು. ಪ್ರತಿಭಾಗೆ ಬೆಳಿಗ್ಗೆ ಮೊಟ್ಟೆ ಬೇಯಿಸಬೇಕು, ಓದುವ ಹುಡುಗಿ. ಭಾನುವಾರದ ಕೋಳಿ ಸಾರಿನಲ್ಲಿ ಕಾಲು ಅವಳಿಗೆ. ಪಾತ್ರೆ ತೊಳೆಯುವುದರಿಂದ ಅವಳಿಗೆ ವಿನಾಯಿತಿ, ಕೈ ಒರಟಾದರೆ ರೋಗಿಗಳಿಗೆ ಚುಚ್ಚುತ್ತದಂತೆ. ಹೀಗೆಂದು ಪಟಾಲಮ್ಮನವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಯಮುನಾ ಎದುರು ಮಾತಾಡುತ್ತಿರಲಿಲ್ಲ. ಮೊಟ್ಟೆಯನ್ನು ಸ್ವಲ್ಪ ಹೆಚ್ಚೇ ಬೇಯಿಸುತ್ತಿದ್ದಳು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಪ್ರತಿಭಾಳ ಬಿಳಿ ಟೋಪಿಯನ್ನು ತೆಗೆದು ತಲೆಯ ಮೇಲಿಟ್ಟು, ಪಿನ್ನು ಸಿಕ್ಕಿಸಿ, ಕನ್ನಡಿ ನೋಡಿಕೊಂಡಳು. ಚೆನ್ನಾಗಿಯೇ ಕಂಡಳು. ಶಾಲೆಯಿಂದ ಬಂದ ಮಗಳು ಬಾಗಿಲಲ್ಲಿ ನಿಂತು ನೋಡಿದ್ದು ಅವಳ ಗಮನಕ್ಕೆ ಬರಲಿಲ್ಲ. ಸಂಜೆ ಎಲ್ಲರೂ ಕಾಫಿ ಕುಡಿಯುವಾಗ, ಅಮ್ಮ ನರ್ಸ್ ಆಗಿದ್ದಳು ಎಂದು ಮಗು ಹೇಳಿತು. ಪಟಾಲಮ್ಮ ನಕ್ಕರು, ಬೈಲಪ್ಪನವರೂ ನಕ್ಕರು. ಪ್ರತಿಭಾ ಮಾತ್ರ ನಗದೆ ಎದ್ದುಹೋಗಿ ಟೋಪಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದಳು. ಆ ಬೀಗದ ಸದ್ದು ಯಮುನಾಳ ಎದೆಯಲ್ಲಿ ಕೂತಿತು.

ಹೀಗಿರುವಾಗ ಒಂದು ಬೆಳಿಗ್ಗೆ ಬೈಲಪ್ಪನವರು ಹಿತ್ತಲಿಂದ ಬರುತ್ತಾ ತಲೆಸುತ್ತಿ ಮೆಟ್ಟಿಲ ಮೇಲೆ ಕುಸಿದು ಕೂತರು. ಮನೆಯಲ್ಲೇ ನರ್ಸ್ ಇದ್ದಾಳಲ್ಲ ಎಂದು ಪಟಾಲಮ್ಮ ಮಗಳನ್ನು ಕರೆದರು. ಪ್ರತಿಭಾ ಸ್ಕೂಲಿಗೆಂದು ಕೊಂಡಿದ್ದ ಬಿಪಿ ನೋಡುವ ಪಟ್ಟಿಯನ್ನು ಅಪ್ಪನ ತೋಳಿಗೆ ಸುತ್ತಿದಳು, ಗಾಳಿ ಒತ್ತಿದಳು, ಕಿವಿಗೆ ಸ್ಟೆತಾಸ್ಕೋಪ್ ಹಾಕಿದಳು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳ ಕೈ ತೋಳಿನ ಮೇಲೆಲ್ಲ ತಡವರಿಸಿತು. ಪಟ್ಟಿ ಬಿಗಿದು ಬೈಲಪ್ಪನವರು ನೋವಿಗೆ ಮುಖ ಹಿಂಡಿದರು. ಕೊನೆಗೆ ಕೆಂಪರಾಜ ಆಟೋ ತಂದು ಡಾಕ್ಟರ ಬಳಿ ಕರೆದೊಯ್ದ.

"ನಮ್ಗಿನ್ನೂ ಕೈಯಲ್ಲಿ ಮಾಡಿಸಿಲ್ಲ. ಬರೀ ಬೋರ್ಡ್ ಮೇಲೆ ಬರ್ದಿದಾರೆ" ಎಂದಳು ಪ್ರತಿಭಾ.

"ಎಂಟ್ ತಿಂಗ್ಳಾಯ್ತಲ್ಲೇ" ಎಂದಳು ಯಮುನಾ.

"ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀವಿ ಅಂತಾನೇ ಇದಾರೆ ಅತ್ತಿಗೆ. ಯಾವ್ ಆಸ್ಪತ್ರೆ ಅಂತ ಕೇಳಿದ್ರೆ ಹೇಳಲ್ಲ."

ಪ್ರತಿಭಾಳ ಕಣ್ಣಲ್ಲಿ ನೀರಿತ್ತು. ಯಮುನಾ ಅವಳನ್ನು ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಒಲೆಯ ಮುಂದೆ ಬಂದು ಕೂತಳು. ಅವಳಿಗೆ ಖುಷಿಯಾಗಿತ್ತು.

ಮಾರ್ಚ್ ತಿಂಗಳಲ್ಲಿ ಪ್ರವೀಣ ಆತುರಾತುರವಾಗಿ ಮನೆಗೆ ಬಂದ. ಮುಂದಿನ ವರ್ಷದ ಅನುಮತಿಗಾಗಿ ಕೌನ್ಸಿಲ್ಲಿನವರು ತಪಾಸಣೆಗೆ ಬರುವವರಿದ್ದರು. ಇಂತಿಷ್ಟು ಹುಡುಗಿಯರಿಗೆ ಇಂತಿಷ್ಟು ಹಾಸಿಗೆಯ ಆಸ್ಪತ್ರೆ ಇರಬೇಕು, ಪಾಠ ಹೇಳುವವರು ಓದಿಕೊಂಡವರಾಗಿರಬೇಕು, ಲೈಬ್ರರಿ ಇರಬೇಕು ಎಂದೆಲ್ಲ ನಿಯಮವಿದೆಯಂತೆ. ಪುಸ್ತಕ ತರಿಸಿಯಾಗಿದೆ, ಟೀಚರುಗಳನ್ನು ಆ ಒಂದು ದಿನಕ್ಕೆ ಗೊತ್ತು ಮಾಡಿಯಾಗಿದೆ, ಕೆಳಗಿನ ಹಾಲಿನಲ್ಲಿ ಮಂಚಗಳೂ ಬಂದು ಬಿದ್ದಿವೆ. ಮಲಗಲು ಜನ ಬೇಕು.

"ರೋಗಿಗಳಾ?" ಎಂದರು ಬೈಲಪ್ಪನವರು.

"ರೋಗಿಗಳ ಥರ ಇದ್ರೆ ಸಾಕು ಅಂಕಲ್. ಮಧ್ಯಾಹ್ನದವರೆಗೆ. ಊಟ ನಾನು ಕೊಡಿಸ್ತೀನಿ. ಅನುಮತಿ ಸಿಗ್ಲಿಲ್ಲ ಅಂದ್ರೆ ಸ್ಕೂಲ್ ಮುಚ್ಚಬೇಕಾಗುತ್ತೆ. ನಿಮ್ ಕಟ್ಟಡಾನೂ ಖಾಲಿ, ಪ್ರತಿಭಾ ಓದೂ ಹಾಳು."

ಬೈಲಪ್ಪನವರು ತಮ್ಮ ವಠಾರದ ಬಾಡಿಗೆಯವರನ್ನೂ ಹಳೆಯ ಊರಿನ ಒಂದಷ್ಟು ಹೆಂಗಸರನ್ನೂ ಒಪ್ಪಿಸಿದರು. ಪಕ್ಕದ ಮನೆಯ ಮುನಿವೆಂಕಟಮ್ಮ, ಹೇಗೂ ಮಂಡಿನೋವಿದೆ, ಮಲಗಿದಂತೆಯೂ ಆಯಿತು ಎಂದು ಸಂತೋಷದಿಂದಲೇ ಒಪ್ಪಿದರು. ಹಿಂದಿನ ದಿನ ಸಂಜೆ ಒಂದು ಹಾಸಿಗೆಗೆ ಜನ ಸಾಲದೆ ಬಂತು. ಪಟಾಲಮ್ಮ ಒಳಗೆ ಬಂದು, ನಾಳೆ ನೀನೂ ಹೋಗಿ ಮಲಗು ಎಂದು ಸೊಸೆಗೆ ಹೇಳಿದರು.

ಯಮುನಾ ಅವರೆಕಾಯಿ ಬಿಡಿಸುತ್ತಿದ್ದಳು. ಓದುವುದಕ್ಕೆ ಈ ಮನೆಯ ಸೊಸೆ ಆ ಕಟ್ಟಡದ ಮೆಟ್ಟಿಲು ಹತ್ತಬಾರದು, ಮಲಗುವುದಕ್ಕೆ ಹತ್ತಬಹುದೇ ಎಂದು ಕೇಳಬೇಕೆನಿಸಿತು. ಕೇಳಿದರೆ ಇನ್ನೊಂದು ಮಾತು ಬೆಳೆಯುತ್ತದೆ. "ಆಯ್ತು ಅತ್ತೆ" ಎಂದಳು.

ಬೆಳಿಗ್ಗೆ ಮನೆಕೆಲಸ ಮುಗಿಸಿ ಅವಳು ಹೋದಾಗ ಕೆಳಗಿನ ಹಾಲು ಗುರುತೇ ಸಿಗದಂತಾಗಿತ್ತು. ಫಿನಾಯಿಲ್ ವಾಸನೆ, ಸಾಲು ಮಂಚ, ಹೊಸ ಬೆಡ್‌ಶೀಟು. ಅವಳ ಮಂಚದ ತುದಿಗೆ ಟೈಫಾಯ್ಡ್ ಎಂದು ಬರೆದ ಚೀಟಿ ನೇತುಹಾಕಿದ್ದರು. ಪ್ರತಿ ಸಾಲಿಗೂ ಒಬ್ಬೊಬ್ಬ ವಿದ್ಯಾರ್ಥಿನಿ ನಿಲ್ಲಬೇಕು, ಅವಳ ಸಾಲಿಗೆ ನಿಂತವಳು ಪ್ರತಿಭಾ. ಹಿಂದಿನ ದಿನ ಯಮುನಾಳೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಯೂನಿಫಾರಂ, ತಲೆಯ ಮೇಲೆ ಆ ಟೋಪಿ. ಅತ್ತಿಗೆಯ ಕಡೆ ಅವಳು ನೋಡಲೂ ಇಲ್ಲ. ನಗು ಬರುತ್ತದೆಂದೋ ಹೆದರಿಕೆಗೋ, ಯಾರಿಗೆ ಗೊತ್ತು. ಯಮುನಾಗೆ ಅದು ಸೊಕ್ಕಿನ ಹಾಗೆ ಕಂಡಿತು.

ತಪಾಸಣೆಗೆ ಬಂದವರು ಇಬ್ಬರು. ಅವರಲ್ಲಿ ಹಿರಿಯರು ಖುರ್ಷೀದಾ ಮೇಡಂ. ಬಹಳ ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದವರಂತೆ. ಮೊದಲು ಲೈಬ್ರರಿ, ಲ್ಯಾಬು ನೋಡಿ, ಆಮೇಲೆ ಹಾಲಿಗೆ ಬಂದರು. ಪ್ರವೀಣ ಪಕ್ಕದಲ್ಲೇ ಬೆವರು ಒರೆಸಿಕೊಳ್ಳುತ್ತಾ ನಡೆಯುತ್ತಿದ್ದ. ಮೇಡಂ ಯಮುನಾಳ ಮಂಚದ ಹತ್ತಿರ ನಿಂತು, ಈ ರೋಗಿಯ ಬಗ್ಗೆ ಹೇಳು ಎಂದು ಪ್ರತಿಭಾಳನ್ನು ಕೇಳಿದರು.

ಪ್ರತಿಭಾ ಒಂದೇ ಉಸಿರಿಗೆ ಹೇಳಿದಳು. ಟೈಫಾಯ್ಡ್ ಜ್ವರ, ಐದು ದಿನದಿಂದ ಇದೆ, ಈಗ ಇಳಿಯುತ್ತಿದೆ, ಗಂಜಿ ಕೊಡುತ್ತಿದ್ದೇವೆ, ಎರಡು ಗಂಟೆಗೊಮ್ಮೆ ಟೆಂಪರೇಚರ್ ನೋಡುತ್ತಿದ್ದೇವೆ. ಯಾವ ತಡವರಿಕೆಯೂ ಇರಲಿಲ್ಲ. ಮೂರು ದಿನ ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದ್ದಳು.

"ಚೆನ್ನಾಗ್ ಹೇಳ್ದೆ" ಎಂದರು ಮೇಡಂ. "ಹೆಸರೇನು? ಪ್ರತಿಭಾನಾ? ಒಳ್ಳೆ ನರ್ಸ್ ಆಗ್ತೀಯ."

ಯಮುನಾ ಎದ್ದು ಕೂತಳು.

"ನನ್ಗೆ ಯಾವ್ ಜ್ವರಾನೂ ಇಲ್ಲ ಮೇಡಂ. ನಾನು ಇವ್ಳ ಅತ್ತಿಗೆ. ಬೆಳಿಗ್ಗೆ ಮನೆ ಮಂದಿಗೆಲ್ಲ ರೊಟ್ಟಿ ತಟ್ಟಿಟ್ಟು ಬಂದಿದೀನಿ. ಇವ್ಳು ಹಾಕ್ಕೊಂಡಿರೋ ಯೂನಿಫಾರಂ ಒಗ್ದಿರೋಳೂ ನಾನೇ."

ಪಕ್ಕದ ಮಂಚದಲ್ಲಿ ನಿಜವಾಗಿಯೂ ನಿದ್ದೆ ಹೋಗಿದ್ದ ಮುನಿವೆಂಕಟಮ್ಮ ಎಚ್ಚರವಾಗಿ, ಊಟಕ್ಕೆ ಕರೆದರಾ ಎಂದು ಕೇಳಿದರು. ಖುರ್ಷೀದಾ ಮೇಡಂ ಯಮುನಾಳ ಹಣೆ ಮುಟ್ಟಿ ನೋಡಿದರು, ಆಮೇಲೆ ಮುಂದಿನ ಮಂಚದವರ ಹಣೆ, ಅದರ ಮುಂದಿನವರದು. ಕೊನೆಯ ಮಂಚ ಮುಟ್ಟುವಷ್ಟರಲ್ಲಿ ಪ್ರವೀಣ ಹಾಲಿನಲ್ಲಿರಲಿಲ್ಲ. ಪ್ರತಿಭಾ ನಿಂತ ಜಾಗದಲ್ಲೇ ಟೋಪಿ ಕಿತ್ತು ಕೈಯಲ್ಲಿ ಮುದುಡಿಕೊಂಡು, ಅತ್ತಿಗೆಯನ್ನು ನೋಡುತ್ತಾ ನಿಂತಿದ್ದಳು.

ಸ್ಕೂಲಿಗೆ ಅನುಮತಿ ಸಿಗಲಿಲ್ಲ. ಏಪ್ರಿಲ್ ಹೊತ್ತಿಗೆ ಪ್ರವೀಣ ಫೋನು ಎತ್ತುವುದನ್ನು ನಿಲ್ಲಿಸಿದ, ಆಮೇಲೆ ಮಂಚಗಳ ಮಾಲೀಕ ಬಂದು ಮಂಚಗಳನ್ನು ಲಾರಿಗೆ ಹಾಕಿಕೊಂಡು ಹೋದ. ಹಲಸೂರಿನವರು, ಹುಡುಗನಿಗೆ ಬೇರೆ ಕಡೆ ನೋಡುತ್ತಿದ್ದೇವೆ ಎಂದು ಯಾರ ಮೂಲಕವೋ ತಿಳಿಸಿದರು.

ಮನೆಯೊಳಗೆ ನಡೆದದ್ದನ್ನು ಹೇಳುವುದು ಕಷ್ಟ. ಮೊದಲ ದಿನ ಪಟಾಲಮ್ಮ ಯಮುನಾಳ ತವರಿನ ಮೂರು ತಲೆಮಾರನ್ನೂ ಬೈದರು. ಎರಡನೆಯ ದಿನದಿಂದ ಸೊಸೆ ಮಾಡಿದ ಅಡಿಗೆ ಮುಟ್ಟಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ತಮಗೂ ಮಗಳಿಗೂ ಬೇರೆ ಬೇಯಿಸಿಕೊಂಡರು. ಬೈಲಪ್ಪನವರು ಎರಡು ಕಡೆಯೂ ಸ್ವಲ್ಪ ಸ್ವಲ್ಪ ಉಂಡರು. ಕೆಂಪರಾಜ ಅಂಗಡಿಯಿಂದ ಬಂದವನೇ, ಯಾಕೆ ಹಾಗೆ ಮಾಡಿದೆ ಎಂದು ಒಂದೇ ಸಲ ಕೇಳಿದ. ನಿಜ ಹೇಳಿದೆ ಎಂದಳು ಯಮುನಾ. ನಿಜ ಎಂಟು ತಿಂಗಳಿಂದಲೂ ಇತ್ತಲ್ಲ ಎಂದ ಅವನು. ಪ್ರತಿಭಾ ಮಾತ್ರ ಬೈಯಲಿಲ್ಲ, ಅಳಲಿಲ್ಲ. ಅತ್ತಿಗೆ ಒಂದು ಕೋಣೆಗೆ ಬಂದರೆ ಎದ್ದು ಇನ್ನೊಂದಕ್ಕೆ ಹೋಗುತ್ತಿದ್ದಳು.

ಒಂದು ಭಾನುವಾರ ಶಿವಾಜಿನಗರದಿಂದ ಮುಕ್ತಾರ್ ಎಂಬ ಆಟೋ ಓಡಿಸುವವರು ಹುಡುಕಿಕೊಂಡು ಬಂದರು. ಅವರ ಮಗಳೂ ಅದೇ ಸ್ಕೂಲಿನಲ್ಲಿದ್ದಳು, ಫೀಸು ಕಟ್ಟಿಯೇ ಸೇರಿದ್ದವಳು. ಬೈಲಪ್ಪನವರು ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಿಸಿದರು. ಅವರು ಕಾಫಿ ಮುಟ್ಟದೆ, ಹಾಸಿಗೆಯಲ್ಲಿ ಎದ್ದು ಕೂತು ಹೇಳಿದ ಹೆಂಗಸನ್ನು ನೋಡಬೇಕು ಎಂದರು. ಯಮುನಾ ಸೆರಗು ಹೊದ್ದು ಬಾಗಿಲ ಬಳಿ ಬಂದು ನಿಂತಳು. ಬೈಗುಳ ಬರುತ್ತದೆಂದೇ ತಿಳಿದಿದ್ದಳು.

"ನಮ್ ಬೇಟಿ ವರ್ಷ ಹೋಯ್ತು, ಅದಕ್ಕೆ ಹೊಟ್ಟೆ ಉರೀತದೆ" ಎಂದರು ಮುಕ್ತಾರ್. "ಆದ್ರೆ ನೀವು ಹೇಳ್ದೇ ಇದ್ರೆ ಮೂರು ವರ್ಷಾನೂ ಹೋಗ್ತಿತ್ತು ಬೆಹೆನ್. ಪರೀಕ್ಷೆಗೆ ಕೂರ್ಸಲ್ಲ, ರಿಜಿಸ್ಟ್ರೇಷನ್ ಕೊಡಲ್ಲ ಅಂತ ಆಮೇಲೆ ಗೊತ್ತಾಗ್ತಿತ್ತು. ನಮ್ ಹೆಣ್ಮಕ್ಕಳ್ನ ಉಳಿಸಿದ್ರಿ."

ಯಮುನಾ ತಲೆ ತಗ್ಗಿಸಿದಳು. ಒಳಗಿನ ಕೋಣೆಯಲ್ಲಿ ಏನೋ ಪಾತ್ರೆ ಧಡಾರನೆ ಬಿತ್ತು.

ಮುಕ್ತಾರ್ ಬಂದದ್ದು ಇನ್ನೊಂದು ಕಾರಣಕ್ಕೆ. ಓದುತ್ತಿದ್ದ ಹುಡುಗಿಯರನ್ನು ಬೇರೆ ಶಾಲೆಗಳಿಗೆ ಹಂಚುವ ಬಗ್ಗೆ ಕೌನ್ಸಿಲ್ಲಿನವರು ಮಾರನೆಯ ದಿನ ವಿಚಾರಣೆ ಇಟ್ಟಿದ್ದರು. ಪ್ರತಿ ಹುಡುಗಿಯೂ ಹೆತ್ತವರ ಜೊತೆ ಬಂದು, ಅಲ್ಲಿ ಏನು ಕಲಿತಳು ಎಂದು ಹೇಳಬೇಕಿತ್ತು. ಹೋಗದಿದ್ದವರ ಹೆಸರು ಬಿಟ್ಟುಹೋಗುತ್ತದೆ. ಪ್ರತಿಭಾ ಹೋಗುವುದಿಲ್ಲ ಎಂದು ಒಳಗಿನಿಂದಲೇ ಹೇಳಿದಳು. ಆಗ ಕೆಂಪರಾಜ ಎಂದೂ ಇಲ್ಲದ ದನಿಯಲ್ಲಿ, ನಾಳೆ ಅಂಗಡಿ ಮುಚ್ಚುತ್ತೇನೆ, ಎಲ್ಲರೂ ಹೋಗುತ್ತೇವೆ ಎಂದ. ಎಲ್ಲರೂ ಎಂದರೆ ಯಮುನಾಳೂ ಸೇರಿ.

ಮುಕ್ತಾರರ ಆಟೋದಲ್ಲೇ ಹೋದರು. ಕೌನ್ಸಿಲ್ಲಿನ ಕಚೇರಿಯ ಮುಂದೆ ಚಿಂತಾಮಣಿ, ಮಾಲೂರು ಕಡೆಯ ಹುಡುಗಿಯರು, ಕೇರಳದಿಂದ ಬಂದ ಅಪ್ಪಂದಿರು ಗುಂಪು ಗುಂಪಾಗಿ ನಿಂತಿದ್ದರು. ಕೆಲವರು ಯಮುನಾಳನ್ನು ತೋರಿಸಿ ತಮ್ಮತಮ್ಮಲ್ಲಿ ಏನೋ ಆಡಿಕೊಂಡರು. ಒಬ್ಬ ಹೆಂಗಸು ಬಂದು ಕೈಮುಗಿದೇ ಬಿಟ್ಟಳು. ಪ್ರತಿಭಾ ಅದನ್ನೆಲ್ಲ ತುಟಿ ಬಿಗಿದುಕೊಂಡು ನೋಡುತ್ತಿದ್ದಳು.

ಒಳಗೆ ಖುರ್ಷೀದಾ ಮೇಡಂ ಇದ್ದರು. ಪ್ರತಿಭಾಳನ್ನು ಗುರುತು ಹಿಡಿದು ಕೂರಿಸಿಕೊಂಡರು.

"ಎಷ್ಟ್ ದಿನ ವಾರ್ಡಲ್ಲಿ ಕೆಲ್ಸ ಮಾಡಿದೀಯಮ್ಮ?"

"ಒಂದ್ ದಿನಾನೂ ಇಲ್ಲ ಮೇಡಂ."

"ಇಂಜೆಕ್ಷನ್?"

"ಇಲ್ಲ."

"ಹಾಗಾದ್ರೆ ಮೊದಲ ವರ್ಷದಿಂದಾನೇ ಶುರು ಮಾಡ್ಬೇಕು. ಬೇಜಾರ್ ಮಾಡ್ಕೋಬೇಡ. ನೀನು ಏನೂ ಕಲೀದೆ ಹೊರಗೆ ಬಂದ್ರೆ ಸಾಯೋರು ರೋಗಿಗಳು. ಅದಕ್ಕೇ ನಾವು ಹಾಸಿಗೆ ಎಣಿಸೋದು."

ಅವಳಿಗೆ ಕಾಕ್ಸ್ ಟೌನ್ ಕಡೆಯ ಒಂದು ಹಳೆಯ ಮಿಷನ್ ಆಸ್ಪತ್ರೆಯ ಶಾಲೆಯಲ್ಲಿ ಜಾಗ ಹೇಳಿದರು. ಎದ್ದು ಬರುವಾಗ ಯಮುನಾ ಬಾಗಿಲಲ್ಲಿ ನಿಂತಳು. ಗಂಡನ ಮುಖ ನೋಡದೆ ಕೇಳಿದಳು.

"ಮೇಡಂ, ಮದ್ವೆ ಆಗಿರೋರು ಸೇರ್ಬೋದಾ? ನನ್ಗೆ ಇಪ್ಪತ್ತೇಳು."

"ಸೇರ್ಬೋದು. ವಯಸ್ಸಿಗೆ ಇನ್ನೂ ಟೈಮಿದೆ. ಪಿಯುಸಿ ಆಗಿದೆಯಾ?"

"ಫಸ್ಟ್ ಕ್ಲಾಸ್" ಎಂದಳು ಯಮುನಾ. ಹಾಗೆ ಹೇಳುವಾಗ ಅವಳ ಕಣ್ಣು ಪ್ರತಿಭಾಳ ಕಡೆ ಹೊರಳಿತು. ಪ್ರತಿಭಾಳ ಕಿವಿ ಕೆಂಪಾದದ್ದು ಕಾಣಿಸಿತು.

ಮನೆಯಲ್ಲಿ ಆ ಸಂಜೆ ದೊಡ್ಡ ಜಗಳವಾಯಿತು. ಇಬ್ಬರೂ ಹೋದರೆ ಮನೆ ನೋಡುವವರಾರು, ಮಗುವಿಗೆ ಊಟ ಹಾಕುವವರಾರು ಎಂದು ಪಟಾಲಮ್ಮ ಗೋಡೆಗೆ ಒರಗಿ ಕೂತು ಕೇಳಿದರು. ಮಗಳ ಬಾಳು ಹಾಳು ಮಾಡಿದವಳಿಗೆ ಈಗ ಬಹುಮಾನ ಬೇಕಾಗಿದೆ ಎಂದರು. ಸ್ಕೂಲಿನ ಬಾಡಿಗೆ ನಿಂತಿದೆ, ಈ ವರ್ಷ ಒಬ್ಬರ ಫೀಸಾದರೆ ಸರಿ, ಮುಂದಿನ ವರ್ಷ ನೋಡೋಣ ಎಂದು ಬೈಲಪ್ಪನವರು ತೀರ್ಮಾನ ಹೇಳಿದರು. ಮುಂದಿನ ವರ್ಷ ಎಂಬ ಮಾತಿಗೆ ಆ ಮನೆಯಲ್ಲಿ ಏನರ್ಥವೆಂದು ಯಮುನಾಗೆ ಗೊತ್ತಿತ್ತು. ಎದ್ದು ಹೋಗಿ ರಾಗಿ ಹಿಟ್ಟಿಗೆ ನೀರಿಟ್ಟಳು.

ಪ್ರತಿಭಾ ಹಾಸ್ಟೆಲಿಗೆ ಹೊರಡುವ ಹಿಂದಿನ ದಿನ, ಯಮುನಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಎರಡು ತಿಂಗಳ ಮೇಲೆ ಮೊದಲ ಸಲ ನಾದಿನಿ ತಾನಾಗಿ ಹತ್ತಿರ ಬಂದು ನಿಂತಳು.

"ಆ ಆಟೋದವ್ರು ನಿನ್ನ ದೇವ್ರು ಅಂತಿದಾರೆ. ಊರೆಲ್ಲ ಹಾಗೇ ಅಂತಿದೆ."

"ನಾನ್ ಹೇಳ್ಸಿಲ್ಲ."

"ಅಲ್ಲ ಅಂತಾನೂ ಹೇಳ್ತಿಲ್ವಲ್ಲ. ಅವತ್ತು ನನ್ ಒಳ್ಳೇದಕ್ಕೆ ಹೇಳ್ದ್ಯಾ ನೀನು?"

ಯಮುನಾ ಕೈಯಲ್ಲಿದ್ದ ಲಂಗವನ್ನು ಹಿಂಡಿ ಹಿಂಡಿ, ಹಿಂಡಲು ನೀರಿಲ್ಲದಿದ್ದರೂ ಮತ್ತೆ ಹಿಂಡಿದಳು.

"ಇಲ್ಲ. ಆ ಮೇಡಂ ನಿನ್ನ ಹೊಗಳಿದ್ರು. ನನ್ಗೆ ತಡೆಯಕ್ಕಾಗ್ಲಿಲ್ಲ. ಹೊಟ್ಟೆಕಿಚ್ಚು."

"ಅದು ನನ್ಗವತ್ತೇ ಗೊತ್ತಾಯ್ತು" ಎಂದಳು ಪ್ರತಿಭಾ. "ನಿನ್ ಬಾಯಲ್ಲಿ ಬರ್ಲಿ ಅಂತಿದ್ದೆ."

ಅವಳು ಹಗ್ಗದ ಮೇಲಿದ್ದ ತನ್ನ ಬಟ್ಟೆಗಳನ್ನು ತೆಗೆದುಕೊಂಡು ಒಳಗೆ ಹೋದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಟ್ರಂಕು ಹೊರಗಿಟ್ಟು ಎಲ್ಲರ ಕಾಲಿಗೆರಗಿ, ಅತ್ತಿಗೆಯ ಕಾಲು ಬಿಟ್ಟು, ಬಾಗಿಲಲ್ಲಿ ನಿಂತು ಅಮ್ಮನಿಗೆ ಹೇಳಿದಳು.

"ಮುಂದಿನ್ ವರ್ಷ ಅತ್ತಿಗೇನ ಕಳ್ಸು. ಅಡಿಗೆ ನೀನೇ ಮಾಡು, ಮುಂಚೆ ನೀನೇ ತಾನೇ ಮಾಡ್ತಿದ್ದಿದ್ದು."

ಪಟಾಲಮ್ಮ ಬಾಯಿ ತೆರೆದವರು ಹಾಗೇ ನಿಂತರು. ಯಮುನಾಗೂ ನಂಬಿಕೆಯಾಗಲಿಲ್ಲ. ಪ್ರತಿಭಾ ಅವಳ ಕಡೆ ತಿರುಗಿದಳು.

"ನಾನ್ ಆಗ ಸೀನಿಯರ್ ಆಗಿರ್ತೀನಿ. ಸೀನಿಯರ್ ಬಂದ್ರೆ ಜೂನಿಯರ್‌ಗಳು ಎದ್ದು ನಿಂತ್ಕೋಬೇಕು, ಮಿಷನ್ ಶಾಲೇಲಿ ಅದು ಕಡ್ಡಾಯ. ನಾನ್ ಕೂರು ಅನ್ನೋವರ್ಗೂ ಕೂರಂಗಿಲ್ಲ."

ಯಮುನಾಗೆ ಕೋಪದಿಂದ ಮುಖ ಬಿಸಿಯಾಯಿತು. "ನಿಂತ್ಕೋತೀನಿ ಬಿಡು" ಎಂದಳು.

ಆ ಒಂದು ವರ್ಷ ಸುಲಭವಾಗಿರಲಿಲ್ಲ. ಪಟಾಲಮ್ಮ ಎರಡು ಸಲ ಮಾತು ಬಿಟ್ಟರು. ಪ್ರತಿಭಾ ರಜೆಗೆ ಬಂದಾಗಲೆಲ್ಲ ಆಸ್ಪತ್ರೆಯ ಕಥೆ ಹೇಳುತ್ತಿದ್ದಳು. ಮೊನ್ನೆ ಹೆರಿಗೆ ನೋಡಿದೆ, ನಿನ್ನೆ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿದೆ ಎಂದು ಯಮುನಾಗೆ ಕೇಳಿಸುವಂತೆ ಗಟ್ಟಿಯಾಗಿಯೇ ಹೇಳುತ್ತಿದ್ದಳು. ಯಮುನಾ ಕೇಳಿಸಿಕೊಳ್ಳದವಳಂತೆ ಒಲೆ ಊದುತ್ತಾ ಒಂದಕ್ಷರವನ್ನೂ ಬಿಡದೆ ಕೇಳುತ್ತಿದ್ದಳು. ಬೈಲಪ್ಪನವರ ಕಟ್ಟಡಕ್ಕೆ ಫರ್ನಿಚರ್ ಅಂಗಡಿಯವರು ಬಂದರು. ಮೇ ತಿಂಗಳಲ್ಲಿ ಕೆಂಪರಾಜ ಅಪ್ಪನ ಎದುರು ಕೂತು, ನೀವು ಹೇಳಿದ ಮುಂದಿನ ವರ್ಷ ಬಂತು ಎಂದ. ದಿನಾ ಮನೆಯಿಂದಲೇ ಹೋಗಿಬರಬೇಕು, ಬೆಳಗಿನ ಅಡಿಗೆ ತಪ್ಪಬಾರದು ಎಂಬ ಷರತ್ತಿನ ಮೇಲೆ ಹಿರಿಯರು ಒಪ್ಪಿದರು. ಯಮುನಾ ನಸುಕಿಗೇ ಎದ್ದು ಮುದ್ದೆ, ಸಾರು ಮುಗಿಸಿ, ಮಗಳ ಜಡೆ ಹಾಕಿ, ಬಸ್ಸು ಹಿಡಿಯತೊಡಗಿದಳು.

ಶಾಲೆ ಶುರುವಾದ ಮೊದಲ ವಾರ. ಎಲ್ಲರೂ ಹದಿನೆಂಟು ಹತ್ತೊಂಬತ್ತರ ಹುಡುಗಿಯರು, ಯಮುನಾಳನ್ನು ಅಕ್ಕ ಎಂದು ಕರೆಯುತ್ತಿದ್ದರು. ಎರಡನೆಯ ವರ್ಷದವರು ಹೊಸಬರಿಗೆ ವಾರ್ಡು ತೋರಿಸಲು ಬರುತ್ತಾರೆಂದು ಟೀಚರು ಹೇಳಿಹೋದರು. ಬಾಗಿಲು ತೆರೆದು ಮೊದಲು ಒಳಗೆ ಬಂದವಳು ಪ್ರತಿಭಾ. ಬಿಳಿ ಬಟ್ಟೆ, ಸೊಂಟಕ್ಕೆ ಎರಡನೆಯ ವರ್ಷದ ನೀಲಿ ಬೆಲ್ಟು. ಕ್ಲಾಸೆಲ್ಲ ಎದ್ದಿತು. ಯಮುನಾಳೂ ಎದ್ದು ನಿಂತಳು.

ಪ್ರತಿಭಾ ಒಂದೊಂದೇ ಸಾಲಿಗೆ ಕೂರಲು ಹೇಳುತ್ತಾ ಬಂದಳು. ಅತ್ತಿಗೆಯ ಸಾಲಿನ ಹತ್ತಿರ ಬಂದಾಗ ನಿಂತಳು. ಮೇಜಿನ ಮೇಲಿದ್ದ ಪುಸ್ತಕ ಸರಿಮಾಡಿದಳು. ಕಿಟಕಿಯ ಕಡೆ ನೋಡಿದಳು. ಬೆಲ್ಟು ಎಳೆದು ಸರಿಮಾಡಿಕೊಂಡಳು. ಯಮುನಾ ಆ ನೀಲಿ ಬೆಲ್ಟಿನಿಂದ ಕಣ್ಣು ತೆಗೆಯದೆ, ಇನ್ನೊಂದೇ ವರ್ಷ ಎಂದುಕೊಳ್ಳುತ್ತಾ ನಿಂತಿದ್ದಳು.

ಕೊನೆಗೆ ಪ್ರತಿಭಾ, "ಕೂತ್ಕೊಳ್ಳಿ" ಎಂದಳು.